ನೀರಿಗೆಲ್ಲಿಯ ವಯಸ್ಸು?

ಓದುಗರ ಪತ್ರ (ಸಂಗ್ರಹ): ಲೇಸರ್ ಬಲೆಯಲ್ಲಿ ಪರಮಾಣುಗಳನ್ನು ಹಿಡಿದು ಹಿಮ ಮತ್ತು ನೀರಿನ ಕಾಲ ಗೊತ್ತುಮಾಡುವ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಟಿಪ್ಪಣಿ ಓದಿದೆ. ನೀರಿನ ಅಣುವಿಗೆ ಹುಟ್ಟಿದ ದಿನ ಎಂಬುದಿಲ್ಲ. ಹಾಗಿದ್ದ ಮೇಲೆ ಈ ವಯಸ್ಸು ಯಾವುದರದ್ದು? ಇಂಗಾಲ-14 ಇರುವಾಗ ಇಷ್ಟೆಲ್ಲ ಸಾಹಸ ಯಾಕೆ? ಅಷ್ಟು ಪರಮಾಣುಗಳ ನಡುವೆ ಒಂದನ್ನು ಹುಡುಕುವುದು ಕಡಲಲ್ಲಿ ಸಾಸಿವೆ ಹುಡುಕಿದ ಹಾಗೆ. ತಪ್ಪಿ ಬೇರೊಂದನ್ನು ಎಣಿಸಿದರೆ? ಕೊನೆಯದಾಗಿ, ಒಂದು ಬಾಟಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕೇ?

ಸಂಪಾದಕರ ಉತ್ತರ:

ನಿಮ್ಮ ಮೊದಲ ಆಕ್ಷೇಪ ಸರಿ. ಈ ವಿಧಾನ ನೀರಿನ ವಯಸ್ಸನ್ನು ಅಳೆಯುವುದೇ ಇಲ್ಲ. ನೀರಿನಲ್ಲಿ ಕರಗಿದ, ಅಥವಾ ಹಿಮಗಡ್ಡೆಯ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಗಾಳಿ ಹೊರಗಿನ ವಾತಾವರಣದ ಸಂಪರ್ಕ ಕಳೆದುಕೊಂಡು ಎಷ್ಟು ಕಾಲವಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಸಂಪರ್ಕ ಕಡಿದ ಮೇಲೆ ಆ ಗಾಳಿಯಲ್ಲಿನ ವಿಕಿರಣಶೀಲ ಪರಮಾಣುಗಳು ಕ್ಷಯಿಸುತ್ತ ಹೋಗುತ್ತವೆ, ಹೊಸವು ಬಂದು ಸೇರುವುದಿಲ್ಲ. ಎಷ್ಟು ಉಳಿದಿವೆ ಎಂಬುದರಿಂದ ಕಾಲದ ಲೆಕ್ಕ. ಹಿಮದಲ್ಲಿ ಇದಕ್ಕೊಂದು ತೊಡಕೂ ಇದೆ. ಬಿದ್ದ ಹಿಮ 50ರಿಂದ 100 ಮೀಟರ್ ಆಳಕ್ಕೆ ಹೂತು ಒತ್ತಿಕೊಳ್ಳುವ ತನಕ ಅದರೊಳಗೆ ಗಾಳಿಯಾಡುತ್ತಲೇ ಇರುತ್ತದೆ. ಹಾಗಾಗಿ ಗುಳ್ಳೆಯೊಳಗಿನ ಗಾಳಿ ಸುತ್ತಲಿನ ಹಿಮಕ್ಕಿಂತ ಕಿರಿಯದು. ಹಿಮ ಧಾರಾಳವಾಗಿ ಬೀಳುವ ಕಡೆ ಈ ಅಂತರ ಕೆಲವು ದಶಕ. ಅಂಟಾರ್ಕ್ಟಿಕಾದ ಒಣ ಒಳನಾಡಿನಲ್ಲಿ ಕೆಲವು ಸಾವಿರ ವರ್ಷ.

ಇಂಗಾಲ-14ರ ಅರ್ಧಾಯುಷ್ಯ (ಇರುವ ಪರಮಾಣುಗಳಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ) 5,730 ವರ್ಷ. ಸುಮಾರು 40–50 ಸಾವಿರ ವರ್ಷದಾಚೆಗೆ ಅದು ಕುರುಡು. ಅದಕ್ಕಿಂತ ದೊಡ್ಡ ತಾಪತ್ರಯವೆಂದರೆ ಇಂಗಾಲ ಸುಮ್ಮನಿರುವ ಮೂಲವಸ್ತುವಲ್ಲ. ನೀರು ಸುಣ್ಣದಕಲ್ಲಿನ ಮೂಲಕ ಹರಿದರೆ ಕಲ್ಲಿನಲ್ಲಿರುವ, ವಿಕಿರಣವೆಲ್ಲ ತೀರಿಹೋದ ಇಂಗಾಲ ಕರಗಿ ಸೇರಿ ನೀರು ಇರುವುದಕ್ಕಿಂತ ಮುದಿಯಾಗಿ ಕಾಣುತ್ತದೆ. ಗಾಳಿಯಲ್ಲಿರುವ ಕ್ರಿಪ್ಟಾನ್, ಆರ್ಗಾನ್ ಅನಿಲಗಳು ಯಾವುದರ ಜೊತೆಗೂ ಕೂಡುವುದಿಲ್ಲ. ಬಂಡೆಗೂ ಸೂಕ್ಷ್ಮಜೀವಿಗೂ ಅವುಗಳ ಗೊಡವೆಯಿಲ್ಲ. ಬಳಕೆಯಲ್ಲಿರುವ ಐಸೋಟೋಪುಗಳು (ಒಂದೇ ಮೂಲವಸ್ತುವಿನ, ತೂಕ ಬೇರೆಯಾದ ಪರಮಾಣುಗಳು) ಮೂರು. ಪರಮಾಣು ಇಂಧನದ ಮರುಸಂಸ್ಕರಣೆಯಿಂದ ಗಾಳಿಗೆ ಸೇರುವ ಕ್ರಿಪ್ಟಾನ್-85ರ ಅರ್ಧಾಯುಷ್ಯ 10.8 ವರ್ಷ. ವಿಶ್ವಕಿರಣಗಳಿಂದ ಹುಟ್ಟುವ ಆರ್ಗಾನ್-39ರದ್ದು ಸುಮಾರು 269 ವರ್ಷ, ಕ್ರಿಪ್ಟಾನ್-81ರದ್ದು ಸುಮಾರು 2 ಲಕ್ಷ 29 ಸಾವಿರ ವರ್ಷ. ಮೊದಲನೆಯದು ಕಳೆದ ಕೆಲವು ದಶಕಗಳಿಗೆ, ಎರಡನೆಯದು ಸುಮಾರು 50ರಿಂದ 1,000 ವರ್ಷಕ್ಕೆ, ಮೂರನೆಯದು 30 ಸಾವಿರದಿಂದ 13 ಲಕ್ಷ ವರ್ಷದವರೆಗೆ ಹೊಂದುತ್ತದೆ.

ಇವು ತೀರ ಅಪರೂಪ ಎನ್ನುವುದು ನಿಜ. 10 ಡಿಗ್ರಿಯ ಒಂದು ಲೀಟರ್ ಹೊಸ ನೀರಿನಲ್ಲಿ ಇರುವುದು ಸುಮಾರು 8 ಸಾವಿರ ಆರ್ಗಾನ್-39 ಪರಮಾಣು, ಸಾವಿರ ಚಿಲ್ಲರೆ ಕ್ರಿಪ್ಟಾನ್-81 ಪರಮಾಣು. ಅವು ಕ್ಷಯಿಸುವುದನ್ನು ಕಾದು ಕುಳಿತರೆ ಆರ್ಗಾನಿನಿಂದ ವರ್ಷಕ್ಕೆ 20ರ ಆಸುಪಾಸು ಸಂಕೇತ ಸಿಕ್ಕೀತು. ಕ್ರಿಪ್ಟಾನ್-81ರಿಂದ ಒಂದೇ ಒಂದಕ್ಕೆ ಶತಮಾನಗಳು ಬೇಕು. ಹಳೆಯ ವಿಧಾನಗಳಿಗೆ ಅಷ್ಟೊಂದು ನೀರು ಬೇಕಾಗುತ್ತಿದ್ದುದು ಇದೇ ಕಾರಣಕ್ಕೆ. ಆಸ್ಟ್ರೇಲಿಯದ ಗ್ರೇಟ್ ಆರ್ಟೀಷಿಯನ್ ಬೇಸಿನ್‌ನ ಅಂತರ್ಜಲದಲ್ಲಿ ಕ್ರಿಪ್ಟಾನ್-81 ಅನ್ನು ಕಣವೇಗವರ್ಧಕದ ನೆರವಿನಿಂದ ಅಳೆದು 2000ದಲ್ಲಿ ಪ್ರಕಟಿಸಿದವರು ಒಂದೊಂದು ಮಾದರಿಗೆ 16 ಟನ್ ನೀರಿನಿಂದ ಅನಿಲ ತೆಗೆದಿದ್ದರು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ (ಹೆಸರು ಕೇಳಲು ಒಂದೇ ಥರ, ಅನಿಲಕ್ಕೂ ಅದಕ್ಕೂ ನಂಟಿಲ್ಲ) ಝೆಂಗ್-ಟಿಯಾನ್ ಲೂ ಮತ್ತು ಸಂಗಡಿಗರು 1999ರಲ್ಲಿ ಬಲೆಯ ವಿಧಾನವನ್ನು ತೋರಿಸಿಕೊಟ್ಟರು. ಕ್ಷಯವನ್ನು ಕಾಯುವ ಬದಲು ಉಳಿದ ಪರಮಾಣುಗಳನ್ನೇ ಎಣಿಸುವುದು ಅದರ ತಿರುಳು.

ಈಗ ಸಾಸಿವೆಯ ಪ್ರಶ್ನೆ. ಪರಮಾಣುವಿನ ಶಕ್ತಿಮಟ್ಟಗಳು ಮೆಟ್ಟಿಲುಮೆಟ್ಟಿಲಾಗಿರುತ್ತವೆ. ನಿರ್ದಿಷ್ಟ ಆವೃತ್ತಿಯ ಬೆಳಕನ್ನು ಮಾತ್ರ ಅದು ಹೀರುತ್ತದೆ. ಐಸೋಟೋಪು ಬದಲಾದರೆ ಆ ಆವೃತ್ತಿಯೂ ಕೂದಲೆಳೆಯಷ್ಟು ಸರಿಯುತ್ತದೆ. ತಳಮಟ್ಟದಲ್ಲಿರುವ ಕ್ರಿಪ್ಟಾನ್, ಆರ್ಗಾನ್‌ಗೆ ತಕ್ಕ ಲೇಸರ್ ಸುಲಭಕ್ಕೆ ಸಿಗದು. ಅದಕ್ಕೇ ಮೊದಲು ಅನಿಲದಲ್ಲಿ ರೇಡಿಯೋ ಆವೃತ್ತಿಯ ವಿದ್ಯುತ್ ವಿಸರ್ಜನೆ ಹೊತ್ತಿಸಿ, ಕೆಲವು ಪರಮಾಣುಗಳನ್ನು ಹತ್ತಾರು ಸೆಕೆಂಡು ಬಾಳುವ ಉದ್ರಿಕ್ತ ಸ್ಥಿತಿಗೆ ಏರಿಸುತ್ತಾರೆ. ಹೀಗೆ ಏರುವುದು ಸಾವಿರದಿಂದ ಹತ್ತು ಸಾವಿರದಲ್ಲಿ ಒಂದು. ಇಡೀ ಯಂತ್ರದಲ್ಲಿ ಅತಿ ಹೆಚ್ಚು ಪೋಲಾಗುವ ಜಾಗ ಇದೇ. ಆದ್ದರಿಂದ ಅನಿಲವನ್ನು ಹೊರಗೆ ಬಿಡದೆ ಮತ್ತೆ ಮತ್ತೆ ಸುತ್ತಿಸುತ್ತಾರೆ. ಉದ್ರಿಕ್ತ ಪರಮಾಣುಗಳಿಗೆ 811 ನ್ಯಾನೋಮೀಟರಿನ ಲೇಸರ್ ಸಾಕು. ಎದುರಿನಿಂದ ಬರುವ ಒಂದೊಂದು ಫೋಟಾನ್ (ಬೆಳಕಿನ ಕಣ) ಕ್ರಿಪ್ಟಾನ್ ಪರಮಾಣುವಿನ ವೇಗವನ್ನು ಸೆಕೆಂಡಿಗೆ ಸುಮಾರು 6 ಮಿಲಿಮೀಟರಿನಷ್ಟು ತಗ್ಗಿಸುತ್ತದೆ. ಸೆಕೆಂಡಿಗೆ 250 ಮೀಟರ್ ಓಡುವುದನ್ನು ನಿಲ್ಲಿಸಲು 40 ಸಾವಿರಕ್ಕೂ ಹೆಚ್ಚು ಫೋಟಾನ್ ತಾಗಬೇಕು. ನಿಧಾನವಾದಂತೆ ಡಾಪ್ಲರ್ ಪರಿಣಾಮದಿಂದ (ಓಡುವ ವೇಗಕ್ಕೆ ತಕ್ಕಂತೆ ಬೆಳಕಿನ ಆವೃತ್ತಿ ಬೇರೆಯಾಗಿ ತೋರುವುದರಿಂದ) ಹೊಂದಿಕೆ ತಪ್ಪದಿರಲಿ ಎಂದು ಕೊಳವೆಯ ಉದ್ದಕ್ಕೂ ಕಾಂತಕ್ಷೇತ್ರವನ್ನು ಹಂತಹಂತವಾಗಿ ಬದಲಿಸುತ್ತಾರೆ. ಕೊಳವೆಯ ಕೊನೆಯಲ್ಲಿ ಆರು ದಿಕ್ಕಿನ ಲೇಸರ್ ಮತ್ತು ಕಾಂತಕ್ಷೇತ್ರ ಸೇರಿದ ಬಲೆ. ಅಲ್ಲಿ ಸಿಕ್ಕಿದ ಒಂಟಿ ಪರಮಾಣು ಸೆಕೆಂಡಿಗೆ ಕೋಟಿಯಷ್ಟು ಫೋಟಾನ್ ಚೆಲ್ಲುತ್ತ ಕ್ಯಾಮೆರಾಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ತಪ್ಪಿ ಬೇರೊಂದನ್ನು ಎಣಿಸಲಾಗದು ಎಂದು ಧೈರ್ಯವಾಗಿ ಹೇಳಬಹುದಾದದ್ದು ಇದಕ್ಕೇ. ಬೇರೆ ಐಸೋಟೋಪಿಗೆ ಅಕಸ್ಮಾತ್ ಒಂದೆರಡು ಫೋಟಾನ್ ತಾಗಬಹುದು. ಸಾಲಾಗಿ 40 ಸಾವಿರ ತಾಗುವುದಿಲ್ಲ. ಆದರೂ ಆರ್ಗಾನ್-39 ಅಳೆಯುವಾಗ ಸುತ್ತ ತುಂಬಿರುವ ಆರ್ಗಾನ್-40 ಚೆಲ್ಲುವ ಮಂಕು ಬೆಳಕು ಹಿನ್ನೆಲೆಯ ಗದ್ದಲವಾಗುತ್ತದೆ, ಏಕೆಂದರೆ ಆರ್ಗಾನ್-39ರ ಪಾಲು ಹತ್ತು ಕೋಟಿ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಹೊಸ ನೀರಿನ ಮಾದರಿಯಲ್ಲೂ ಗಂಟೆಗೆ ಸಿಗುವ ಪರಮಾಣುಗಳು ಹತ್ತರೊಳಗೇ. 100 ಪರಮಾಣು ಎಣಿಸಿದರೆ ಶೇ 10ರ ಅನಿಶ್ಚಿತತೆ. ಆರ್ಗಾನ್-39ರಲ್ಲಿ ಅದು ಸುಮಾರು 40 ವರ್ಷದ ಹೆಚ್ಚುಕಡಿಮೆಯಾಗಿ ಹೊರಬೀಳುತ್ತದೆ. ಬಲೆಯ ದಕ್ಷತೆ ದಿನದಿನಕ್ಕೆ ಏರುಪೇರಾಗುವುದರಿಂದ, ಹೇರಳವಾಗಿರುವ ಸ್ಥಿರ ಐಸೋಟೋಪೊಂದನ್ನೂ (ಕ್ರಿಪ್ಟಾನ್-83, ಆರ್ಗಾನ್-38) ಅದೇ ಬಲೆಯಲ್ಲಿ ಹಿಡಿದು ಅನುಪಾತ ತೆಗೆಯಬೇಕು.

ಯಂತ್ರದೊಳಗೆ ಕಾಡುವ ಇನ್ನೊಂದು ದೋಷ ಹಿಂದಿನ ಮಾದರಿಯ ನೆನಪು. ವಿಸರ್ಜನೆಯಲ್ಲಿ ಅಯಾನುಗಳು ಗೋಡೆಗೆ ಹೊಕ್ಕಿ ಕೂರುತ್ತವೆ, ಮುಂದಿನ ಮಾದರಿ ಓಡುವಾಗ ಹೊರಬರುತ್ತವೆ. ಕ್ರಿಪ್ಟಾನ್ ಯಂತ್ರವನ್ನು ಒಂದೂವರೆ ದಿನ ಕ್ಸೆನಾನ್ ವಿಸರ್ಜನೆಯಿಂದ ತೊಳೆಯುವ ರೂಢಿ ಬಂದದ್ದು ಹೀಗೆ. ಅಳತೆಗಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು!

ಇಷ್ಟಾದರೂ, ನಮ್ಮ ಅಭಿಪ್ರಾಯದಲ್ಲಿ ಫಲಿತಾಂಶ ಕೆಡುವುದು ಲೇಸರ್ ಕೋಣೆಯಲ್ಲಲ್ಲ. ನೀರೆತ್ತುವ ಪೈಪಿನ ಸಡಿಲ ಜೋಡಣೆಯಲ್ಲಿ. ನಿಮ್ಮ ಬಾಟಲಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒಂದು ಲೀಟರ್ ನೀರಿನಲ್ಲಿರುವ ಕ್ರಿಪ್ಟಾನ್ ಸುಮಾರು 0.09 ಮೈಕ್ರೋಲೀಟರ್, ಒಂದು ಲೀಟರ್ ಗಾಳಿಯಲ್ಲಿ 1.1 ಮೈಕ್ರೋಲೀಟರ್. 10 ಲೀಟರ್ ನೀರಿನ ಅನಿಲಕ್ಕೆ 100 ಮಿಲಿಲೀಟರ್ ಗಾಳಿ ನುಸುಳಿತೆಂದುಕೊಳ್ಳಿ. ಶೇ 11ರಷ್ಟು ಕ್ರಿಪ್ಟಾನ್ ಇಂದಿನದಾಯಿತು. ಆಗ ನಿಜವಾಗಿ 10 ಲಕ್ಷ ವರ್ಷದ ನೀರು 6 ಲಕ್ಷ ಚಿಲ್ಲರೆ ವರ್ಷದ್ದಾಗಿ ಕಾಣುತ್ತದೆ. ಈ ಕಳ್ಳನನ್ನು ಹಿಡಿದುಕೊಡುವುದು ಕ್ರಿಪ್ಟಾನ್-85. ಹಳೆಯ ನೀರಿನಲ್ಲಿ ಅದು ಇರಲೇಬಾರದು. ಇದ್ದರೆ ಎಷ್ಟಿದೆಯೋ ಅಷ್ಟು ಇಂದಿನ ಗಾಳಿ ಸೇರಿದೆ ಎಂದು ಲೆಕ್ಕಹಾಕಿ ಕಳೆಯಬಹುದು. ಆದರೆ ಗಾಳಿ ನುಸುಳಿದ್ದು ಪೈಪಿನಲ್ಲೋ, ನೆಲದೊಳಗೇ ಹೊಸ ನೀರು ಬೆರೆತದ್ದೋ ಎಂಬುದನ್ನು ಅದೊಂದೇ ಹೇಳಲಾರದು.

ಪ್ಲಾಸ್ಟಿಕ್ ಬಾಟಲಿಯ ಗೋಡೆ ಅನಿಲವನ್ನು ತಡೆಯದು, ತುಂಬುವಾಗಲೇ ನೀರು ಗಾಳಿಯೊಡನೆ ಬೆರೆಯುತ್ತದೆ. ಕ್ರಮವಾಗಿ ಮಾಡುವವರು ಬಾವಿಯಲ್ಲಿ ನಿಂತ ನೀರನ್ನು ಮೊದಲು ಹೊರಹಾಕಿ, ಉಷ್ಣಾಂಶ, ವಾಹಕತೆ, ಆಮ್ಲಜನಕದ ಮಟ್ಟ ಸ್ಥಿರವಾಗುವ ತನಕ ಪಂಪು ಓಡಿಸುತ್ತಾರೆ. ಬಳಿಕ ನೀರನ್ನು ಸೋಸಿ, ಅನಿಲವನ್ನು ಮಾತ್ರ ದಾಟಿಸುವ ಟೊಳ್ಳು ನಾರುಗಳ ಪೊರೆಯ ಮೂಲಕ ಹಾಯಿಸಿ, ನಿರ್ವಾತ ಪಂಪಿನಿಂದ ಎಳೆದ ಅನಿಲವನ್ನು ಸ್ಟೀಲ್ ಸಿಲಿಂಡರಿಗೆ ಒತ್ತುತ್ತಾರೆ. ಸೋಸದಿದ್ದರೆ ಕಬ್ಬಿಣದ ಕೆಸರು ಪೊರೆಯನ್ನು ಕಟ್ಟಿಹಾಕುತ್ತದೆ. ಹಿಮವಾದರೆ ಹೊರಪದರ ಕೆತ್ತಿ ತೆಗೆದು, ಸ್ಟೀಲ್ ಪಾತ್ರೆಯಲ್ಲಿಟ್ಟು, ಸುತ್ತಲ ಗಾಳಿಯನ್ನು ಪೂರ್ತಿ ಎಳೆದುಹಾಕಿದ ಮೇಲೆಯೇ ಕರಗಿಸುವುದು. ಪ್ರಯೋಗಾಲಯದಲ್ಲಿ ಕಾದ ಟೈಟಾನಿಯಂ ಸಾರಜನಕ, ಆಮ್ಲಜನಕಗಳನ್ನು ನುಂಗುತ್ತದೆ. ಉಳಿದ ಆರ್ಗಾನ್, ಕ್ರಿಪ್ಟಾನ್‌ಗಳನ್ನು ಕ್ರೊಮಟೋಗ್ರಫಿಯಿಂದ ಬೇರ್ಪಡಿಸುತ್ತಾರೆ. ನೀರಿನಲ್ಲಿ ಮೀಥೇನ್ ಹೆಚ್ಚಿದ್ದರೆ ಮೊದಲೇ ತಿಳಿಸುವುದು ಒಳ್ಳೆಯದು, ಶುದ್ಧೀಕರಣದ ದಾರಿಯೇ ಬೇರೆಯಾಗುತ್ತದೆ.

ಪ್ರಮಾಣ ಇಳಿಯುತ್ತಲೇ ಬಂದಿದೆ. ಅಂಟಾರ್ಕ್ಟಿಕಾದ ಟೇಲರ್ ಹಿಮನದಿಯಲ್ಲಿ 1 ಲಕ್ಷ 20 ಸಾವಿರ ವರ್ಷದ ಹಿಮವನ್ನು ಗುರುತಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಒಂದೊಂದು ಮಾದರಿಗೆ ಸುಮಾರು 350 ಕಿಲೋ ಹಿಮ ಬೇಕಾಗಿತ್ತು. ಈಗ ಕ್ರಿಪ್ಟಾನ್-81ಕ್ಕೆ 10–20 ಕಿಲೋ ನೀರು ಸಾಕು. ಆರ್ಗಾನ್-39ಕ್ಕೆ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು 5 ಲೀಟರ್ ಸಮುದ್ರದ ನೀರಿನಲ್ಲಿ, 2019ರಲ್ಲಿ ಆಲ್ಪ್ಸ್ ಹಿಮನದಿಗಳ ಕೆಲವೇ ಕಿಲೋ ಹಿಮದಲ್ಲಿ ಅಳೆದು ತೋರಿಸಿದರು. ಗ್ರಾನೈಟ್ ಬಂಡೆಯ ಅಂತರ್ಜಲಕ್ಕೆ ಮಾತ್ರ ಆರ್ಗಾನ್-39 ನೆಚ್ಚಬೇಡಿ. ಅಲ್ಲಿನ ಯುರೇನಿಯಂ, ಥೋರಿಯಂಗಳಿಂದ ಹೊರಡುವ ನ್ಯೂಟ್ರಾನುಗಳು ಪೊಟ್ಯಾಸಿಯಂಗೆ ಬಡಿದು ನೆಲದೊಳಗೇ ಹೊಸ ಆರ್ಗಾನ್-39 ಹುಟ್ಟುತ್ತದೆ, ನೀರು ಇರುವುದಕ್ಕಿಂತ ಎಳೆಯದಾಗಿ ಕಾಣುತ್ತದೆ. ಅಂಥ ಕಡೆ ಒಂದೇ ಸಿಲಿಂಡರಿನಿಂದ ಎರಡೂ ಕ್ರಿಪ್ಟಾನ್ ಐಸೋಟೋಪುಗಳನ್ನು ಅಳೆಸಿ, ಜೊತೆಗೆ ಇಂಗಾಲ-14 ಅನ್ನೂ ಕೇಳಿ.