ಕೆರೆ ಹಸಿರಾಗಿದೆ, ಮಾತ್ರೆಯ ಅಂಶ ಗಿಡಕ್ಕೆ ತಾಗುವುದಿಲ್ಲವೇ?

ಪ್ರಶ್ನೆ: ನಮ್ಮ ಹೊಲದ ಪಕ್ಕದ ಕೆರೆಗೆ ಊರಿನ ಕೊಳಚೆ ನೀರು ಬಂದು ಸೇರುತ್ತದೆ. ನಾವು ನುಂಗುವ ಮಾತ್ರೆಗಳ ಅಂಶ ಇಂಥ ನೀರಿನಲ್ಲಿರುತ್ತದೆ, ಗಿಡಗಳಿಗೂ ಅದು ಹಾನಿ ಎಂದು ಓದಿದೆ. ಆದರೆ ನೇರಳೆ ಹೂವಿನ ಜಲಕಳೆ ನೀರೇ ಕಾಣದ ಹಾಗೆ ಬೆಳೆದು ನಿಂತಿದೆ. ಮನುಷ್ಯರ ಔಷಧ ಗಿಡಕ್ಕೆ ಏನು ಮಾಡೀತು?

ಉತ್ತರ: ಅನುಮಾನ ಸರಿಯಾಗಿಯೇ ಇದೆ. ಆದರೆ ಕಳೆ ಸೊಂಪಾಗಿರುವುದು ನೀರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕೊಳಚೆಯಲ್ಲಿರುವ ಸಾರಜನಕ, ರಂಜಕ ಅದಕ್ಕೆ ಪುಕ್ಕಟೆ ಗೊಬ್ಬರ. ಊರ ಕೊಳಚೆಯಲ್ಲಿ ಬಹುಪಾಲು ಔಷಧಗಳು ಲೀಟರಿಗೆ ನ್ಯಾನೊಗ್ರಾಂ, ಮೈಕ್ರೊಗ್ರಾಂ ಲೆಕ್ಕದಲ್ಲಿ ಇರುತ್ತವೆ. ಅಷ್ಟಕ್ಕೆಲ್ಲ ಜಲಕಳೆ ಸಾಯುವುದಿಲ್ಲ.

ಮನುಷ್ಯರ ಔಷಧ ಗಿಡಕ್ಕೇಕೆ ತಾಗುತ್ತದೆ ಎಂಬುದು ನಿಜಕ್ಕೂ ಸ್ವಾರಸ್ಯದ ಸಂಗತಿ. ಎಲೆಯ ಹಸಿರು ಇರುವುದು ಕ್ಲೋರೋಪ್ಲಾಸ್ಟ್ ಎಂಬ ಕಣಗಳಲ್ಲಿ. ನೂರು ಕೋಟಿ ವರ್ಷಗಳಿಗೂ ಹಿಂದೆ ಇವುಗಳ ಪೂರ್ವಜರು ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾಗಳು. ಇಂದಿಗೂ ಇವಕ್ಕೆ ಸ್ವಂತ ಡಿಎನ್‌ಎ ಇದೆ, ಪ್ರೋಟೀನ್ ತಯಾರಿಸುವ, ಬ್ಯಾಕ್ಟೀರಿಯಾ ಮಾದರಿಯ ರೈಬೋಸೋಮ್ ಇದೆ. ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲಲೆಂದು ಮಾಡಿದ ಸಿಪ್ರೊಫ್ಲಾಕ್ಸಾಸಿನ್ ಇವುಗಳ ಡಿಎನ್‌ಎ ನಕಲಾಗುವುದಕ್ಕೂ ಅಡ್ಡ ಬರುತ್ತದೆ. ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಆ ರೈಬೋಸೋಮಿನಲ್ಲಿ ಪ್ರೋಟೀನ್ ತಯಾರಿಯನ್ನು ತಡೆಯುತ್ತದೆ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯ ಕಥೆ ಬೇರೆ. ಅದು ಕಟ್ಟಿಹಾಕುವ ಕಿಣ್ವ ಗಿಡದಲ್ಲೂ ಇದೆ, ಕೋಶದ ಪೊರೆಗೆ ಬೇಕಾದ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿನ ತಯಾರಿಗೆ.

ಪ್ರಯೋಗಾಲಯದಲ್ಲಿ ಇದನ್ನು ನೋಡುವುದು ಡಕ್‌ವೀಡ್ ಮೇಲೆ. ಕೆಲವೇ ಮಿಲಿಮೀಟರ್ ಅಗಲದ, ನೀರ ಮೇಲೆ ತೇಲುವ ಎಲೆಯಂಥ ಪುಟ್ಟ ಗಿಡ ಅದು. ಔಷಧ ಬೆರೆಸಿದ ನೀರಿನಲ್ಲಿ 7 ದಿನ ಬಿಟ್ಟು ಎಲೆ ಎಣಿಸುತ್ತಾರೆ. ಆ್ಯಂಟಿಬಯಾಟಿಕ್ ಹೆಚ್ಚಾದಾಗ ಹಳೆಯ ಎಲೆ ಹಸಿರಾಗಿಯೇ ಇದ್ದರೂ ಹೊಸ ಚಿಗುರು ಬಿಳಿಚಿಕೊಂಡು ಬರುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ ಕೆಲವು ನೂರು ಮೈಕ್ರೊಗ್ರಾಂ ಇದ್ದರೆ ಸಾಕು, ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ. ನೀಲಿ-ಹಸಿರು ಪಾಚಿಗೆ ಇನ್ನೂ ಕಡಿಮೆ ಸಾಕು. ಅದು ಸ್ವತಃ ಬ್ಯಾಕ್ಟೀರಿಯಾ ತಾನೆ.

ಊರ ಕೊಳಚೆಗಿಂತ ನನಗೆ ಹೆಚ್ಚು ಭಯ ಔಷಧ ಕಾರ್ಖಾನೆಯ ತ್ಯಾಜ್ಯದ್ದು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಸುಮಾರು 90 ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಿಸುವ ಘಟಕವಿತ್ತು. ಅಲ್ಲಿಂದ ಹೊರಬಿದ್ದ, ಸಂಸ್ಕರಣೆಯಾದ ನೀರಿನಲ್ಲೇ ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ (ಅಂದರೆ 31,000 ಮೈಕ್ರೊಗ್ರಾಂ) ಸಿಕ್ಕಿತೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಡಕ್‌ವೀಡ್ ಅನ್ನು ಹಣಿಯಲು ಬೇಕಾದ್ದಕ್ಕಿಂತ ಹತ್ತಾರು ಪಟ್ಟು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ.

ನಿಮ್ಮ ಕೆರೆಯ ವಿಚಾರಕ್ಕೆ ಬಂದರೆ, ಮುಳುಗುಗಿಡಗಳು ಮಾಯವಾಗಿದ್ದರೆ ಆ ತಪ್ಪನ್ನು ಔಷಧದ ತಲೆಗೆ ಕಟ್ಟಬೇಡಿ. ಜಲಕಳೆಯ ನೆರಳೇ ಅಷ್ಟು ಮಾಡುತ್ತದೆ. ಕಳೆಯ ಬೇರು ಒಂದಿಷ್ಟು ಔಷಧವನ್ನೂ ಹೀರುತ್ತದೆ. ಕಿತ್ತದ್ದನ್ನು ದಂಡೆಯಲ್ಲೇ ಕೊಳೆಯಲು ಬಿಟ್ಟರೆ ಹೀರಿದ್ದು ಗೊಬ್ಬರದ ಸಮೇತ ನೀರಿಗೇ ವಾಪಸು. ಕೆರೆಯ ಮೇಲ್ಭಾಗದಲ್ಲಿ ಔಷಧ ಕಾರ್ಖಾನೆ ಇದೆಯೇ, ಮೊದಲು ವಿಚಾರಿಸಿ. ಇದ್ದರೆ, ನೀರು ಪರೀಕ್ಷೆಗೆ ಕೊಡುವಾಗ ಯಾವ ಔಷಧ ಹುಡುಕಬೇಕೆಂದು ಹೆಸರು ಹೇಳಿಯೇ ಕೇಳಬೇಕು. ಪಿಎಚ್ (ಆಮ್ಲ-ಕ್ಷಾರದ ಮಟ್ಟ), ಬಿಒಡಿ, ಸಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ಬೇಡುತ್ತದೆ ಎಂಬ ಅಳತೆಗಳು) ನೋಡುವ ಮಾಮೂಲಿ ವರದಿಯಲ್ಲಿ ಅದರ ಸುಳಿವೂ ಇರುವುದಿಲ್ಲ.