ಎವರ್‌ಶೆಡ್ ಬರುವ ಮುಂಚೆ ಕೊಡೈಕೆನಾಲ್‌ನಲ್ಲಿ ಯಾರಿದ್ದರು?

ಪ್ರಶ್ನೆ: ಕೊಡೈಕೆನಾಲ್ ಸೌರ ವೀಕ್ಷಣಾಲಯದ ಬಗ್ಗೆ ಎಲ್ಲಿ ಓದಿದರೂ ಇಂಗ್ಲೆಂಡಿನ ಖಗೋಳಜ್ಞ ಎವರ್‌ಶೆಡ್ ಹೆಸರೇ. ಮೊದಲ ನಿರ್ದೇಶಕ ಸ್ಕಾಟ್ಲೆಂಡಿನ ಮಿಚಿ ಸ್ಮಿತ್ ಎಂದು ತಿಳಿಯಿತು. ಅವರು ಏನಾದರೂ ಕಂಡುಹಿಡಿದರೇ, ಇಲ್ಲ ಕಡತಗಳಿಗೆ ಸಹಿ ಹಾಕುವ ಅಧಿಕಾರಿಯಷ್ಟೇ ಆಗಿದ್ದರೇ? ಆ ಕಾಲದ ಸೂರ್ಯನ ಚಿತ್ರಗಳನ್ನು ನಮ್ಮಂಥವರು ನೋಡಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಪಠ್ಯಪುಸ್ತಕಕ್ಕೆ ಸೇರುವಂಥ ಶೋಧ ಚಾರ್ಲ್ಸ್ ಮಿಚಿ ಸ್ಮಿತ್ ಹೆಸರಲ್ಲಿಲ್ಲ, ನಿಜ. ಆದರೆ ಬರೀ ಸಹಿ ಹಾಕಿದವರು ಎನ್ನಲು ನನಗೆ ಮನಸ್ಸಿಲ್ಲ.

ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನ ಕೀಗ್ ಎಂಬ ಊರಿನಲ್ಲಿ 1854ರಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದವರು. ಅಣ್ಣ ವಿಲಿಯಂ ರಾಬರ್ಟ್‌ಸನ್ ಸ್ಮಿತ್ ದೊಡ್ಡ ವಿದ್ವಾಂಸ. ಬೈಬಲ್ ಕುರಿತು ಬರೆದದ್ದಕ್ಕೆ ಚರ್ಚಿನ ವಿಚಾರಣೆ ಎದುರಿಸಿ 1881ರಲ್ಲಿ ಪ್ರಾಧ್ಯಾಪಕ ಹುದ್ದೆಯನ್ನೇ ಕಳೆದುಕೊಂಡವರು. ತಮ್ಮ ಅಷ್ಟರಲ್ಲಾಗಲೇ ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು.

ಅವರು ಬಂದದ್ದು 1877ರಲ್ಲಿ, ದಕ್ಷಿಣ ಭಾರತ ಬರದಲ್ಲಿ ಬೇಯುತ್ತಿದ್ದಾಗ. ನಮ್ಮ ಹಿರಿಯರು ‘ಧಾತು ಈಶ್ವರ ಬರ’ ಎನ್ನುತ್ತಿದ್ದುದು ಇದನ್ನೇ. ಮೈಸೂರು ಸೀಮೆಯೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರೆಂಬ ಅಂದಾಜಿದೆ. ಸೂರ್ಯನ ಮೈಮೇಲಿನ ಕಲೆಗಳ ಏರಿಳಿತಕ್ಕೂ ನಮ್ಮ ಮಳೆಗೂ ನಂಟಿದೆ, ಕಲೆಗಳನ್ನು ಎಣಿಸಿದರೆ ಬರವನ್ನು ಮೊದಲೇ ಹೇಳಬಹುದು ಎಂದು ಆಗ ಹಲವರು ನಂಬಿದ್ದರು. ಸರ್ಕಾರ ಸೌರ ವೀಕ್ಷಣಾಲಯಕ್ಕೆ ದುಡ್ಡು ಬಿಚ್ಚಲು ಈ ಆಸೆಯೂ ಒಂದು ಕಾರಣ. ಮಳೆಯ ಭವಿಷ್ಯ ಹಾಗೆ ಕೈಗೆ ಸಿಗಲಿಲ್ಲ, ಸಂಸ್ಥೆ ಮಾತ್ರ ಉಳಿಯಿತು.

1883ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿಯಿತಲ್ಲ, ಅದರ ದೂಳು ಆಕಾಶದಲ್ಲಿ ಹರಡಿ ಮುಂದಿನ ತಿಂಗಳು ಮದರಾಸಿನಲ್ಲಿ ಸೂರ್ಯ ಹಸಿರಾಗಿ ಕಂಡ! ಊರೆಲ್ಲ ಬೆರಗಾಗಿ ನೋಡುತ್ತಿದ್ದಾಗ ಸ್ಮಿತ್ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ಆ ಬೆಳಕಿನಲ್ಲಿ ಯಾವ ಬಣ್ಣ ಎಷ್ಟು ಕುಂದಿದೆ ಎಂದು ಪರೀಕ್ಷಿಸಿ ಪ್ರಬಂಧ ಬರೆದರು. ಅಧಿಕಾರಿಯ ಬುದ್ಧಿ ಇದಲ್ಲ.

ಅದೇ ದಶಕದಲ್ಲಿ ನೀಲಗಿರಿ, ಪಳನಿ ಬೆಟ್ಟಗಳನ್ನು ಹತ್ತಿ, ಎಲ್ಲಿ ಗಾಳಿ ತಿಳಿಯಾಗಿದೆ, ಎಲ್ಲಿ ಬಿಂಬ ಅಲುಗದೆ ನಿಲ್ಲುತ್ತದೆ ಎಂದು ಅಳೆದರು. ದೂಳು, ಸೆಕೆಯ ಮದರಾಸು ಈ ಕೆಲಸಕ್ಕೆ ಆಗಿಬರುವಂತಿರಲಿಲ್ಲ. 1891ರಲ್ಲಿ ಮದರಾಸು ವೀಕ್ಷಣಾಲಯದ ಮುಖ್ಯಸ್ಥ ಪಾಗ್ಸನ್ ತೀರಿಕೊಂಡ ಮೇಲೆ ಸರ್ಕಾರಿ ಖಗೋಳಜ್ಞರ ಹುದ್ದೆ ಇವರಿಗೆ ಬಂತು. ಆಯ್ಕೆಯಾದ ಕೊಡೈಕೆನಾಲ್ ಗುಡ್ಡ ಸಮುದ್ರಮಟ್ಟದಿಂದ 2,300 ಮೀಟರ್‌ಗೂ ಎತ್ತರ. 1895ರಲ್ಲಿ ಅಡಿಗಲ್ಲು ಬಿತ್ತು. ಮೋಟಾರು ಓಡುವ ರಸ್ತೆ ಇಲ್ಲದ ಕಾಲ ಅದು. ಸೂಕ್ಷ್ಮ ಉಪಕರಣಗಳೂ ಆ ಘಾಟಿ ಏರಿಯೇ ಬರಬೇಕಿತ್ತು. 1901ರ ಹೊತ್ತಿಗೆ ಕೆಲಸ ಶುರುವಾಯಿತು.

ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ 1904ರಲ್ಲಿ ಆರಂಭವಾದ ಒಂದು ಅಭ್ಯಾಸ: ಮೋಡವಿಲ್ಲದ ದಿನವೆಲ್ಲ ಸೂರ್ಯನ ಚಿತ್ರ ತೆಗೆದಿಡುವುದು. ಕಲೆಗಳ ಸಂಖ್ಯೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಅಂಥ ಎರಡು ಸುತ್ತು ಮುಗಿಯುವಷ್ಟರಲ್ಲಿ ಒಬ್ಬ ವಿಜ್ಞಾನಿಯ ನೌಕರಿಯೇ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಸೂರ್ಯನ ಸ್ವಭಾವ ತಿಳಿಯಲು ತಲೆಮಾರುಗಳು ದಾಟಿ ಬರುವ ದಾಖಲೆ ಬೇಕು. ಕೇಂಬ್ರಿಜ್‌ನಿಂದ ಬಂದ ರೋಹಿತ ಕ್ಯಾಮೆರಾ ಇದಕ್ಕೆ ಒದಗಿತು. ಅದು ಕ್ಯಾಲ್ಸಿಯಂ ಸೂಸುವ ಒಂದೇ ಬಣ್ಣವನ್ನು ಸಣ್ಣ ಸೀಳಿನಿಂದ ಸೋಸಿ, ಪಟ್ಟಿ ಪಟ್ಟಿಯಾಗಿ ಸೂರ್ಯನ ಪೂರ್ಣ ಬಿಂಬವನ್ನು ಗಾಜಿನ ಫಲಕದ ಮೇಲೆ ಮೂಡಿಸುತ್ತದೆ. ಬರಿಯ ಬೆಳಕಿನಲ್ಲಿ ಕಾಣದ ಪ್ರಖರ ತಾಣಗಳು ಅದರಲ್ಲಿ ಕಾಣುತ್ತವೆ.

ಇಂಗ್ಲೆಂಡಿನ ಜಾನ್ ಎವರ್‌ಶೆಡ್ ಸಹಾಯಕರಾಗಿ ಬಂದದ್ದು 1907ರಲ್ಲಿ. ಎರಡೇ ವರ್ಷದಲ್ಲಿ, ಸೌರಕಲೆಯ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಎವರ್‌ಶೆಡ್ ಪರಿಣಾಮ ಅಂದರೆ ಅದೇ. ಆ ಕೀರ್ತಿ ಪೂರ್ತಿ ಅವರದು, ಅದರಲ್ಲಿ ಸ್ಮಿತ್‌ಗೆ ಪಾಲು ಕೊಡಿಸಲು ನಾನು ಹೋಗುವುದಿಲ್ಲ. ಆದರೆ ಆಗ ನಿರ್ದೇಶಕರಾಗಿದ್ದವರು ಸ್ಮಿತ್, ಗುಡ್ಡ ಆರಿಸಿದವರೂ ಅವರೇ. 1911ರಲ್ಲಿ ನಿವೃತ್ತರಾದ ಮೇಲೂ ಸ್ಕಾಟ್ಲೆಂಡಿಗೆ ಮರಳಿ ನೆಲೆಸದೆ ಕೊಡೈಕೆನಾಲ್‌ನಲ್ಲೇ ಉಳಿದು, 1922ರಲ್ಲಿ ಅಲ್ಲೇ ತೀರಿಕೊಂಡರು.

ಇನ್ನು ಚಿತ್ರಗಳ ವಿಷಯ. ವೀಕ್ಷಣಾಲಯ ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡುವ ಉಪಕರಣ ಕಟ್ಟಿದ್ದು ಇದೇ ಸಂಸ್ಥೆ. ಹಳೆಯ ಗಾಜಿನ ಫಲಕಗಳನ್ನು ಅವರು ಡಿಜಿಟಲ್ ರೂಪಕ್ಕೆ ತಂದು ಅಂತರ್ಜಾಲದಲ್ಲಿಟ್ಟಿದ್ದಾರೆ. ಮನೆಯಲ್ಲೇ ಕೂತು ನೋಡಬಹುದು.