‘ಈ ಕಾರು ಬಂದು ಎಷ್ಟು ದಿನ ಆಯ್ತು?’

ಮೊನ್ನೆ ಲೆಸ್ಟರ್‌ನಿಂದ ಫೋನ್ ಮಾಡಿದಾಗ ನಗ್ತಾ ಕೇಳಿದೆಯಲ್ಲ, ‘ಒಂದು ಸಲ ಟ್ಯಾಕ್ಸ್ ಕಟ್ಟಿ 15 ವರ್ಷ ಹಾಯಾಗಿ ಓಡಾಡೋರು ನೀವು, ನಿಮಗೇನಪ್ಪಾ ಕಷ್ಟ? ಅದಿರಲಿ, ಮೊಳಕಾಲ್ಮೂರಿನವನು ಆಂಧ್ರದ ಎಪಿ ನಂಬರಿನ ಕಾರು ಯಾಕೆ ಇಟ್ಕೊಂಡಿದೀಯ, ಟ್ಯಾಕ್ಸ್ ಉಳಿಸೋಕಾ?’ ಅಂತ. ಆವಾಗ ಅಂಗಡಿ ಮುಂದೆ ಮೂರು ಜನ ಸುಟ್ಟ ಮೋಟಾರು ಇಳಿಸ್ಕೊಂಡು ನಿಂತಿದ್ರು. ಉತ್ತರ ಕೊಡೋಕೆ ಆಗಲಿಲ್ಲ. ಈಗ ಕರೆಂಟ್ ಹೋಗಿದೆ, ಮೋಟಾರಿಗೆ ತಂತಿ ಸುತ್ತೋ ರಿವೈಂಡಿಂಗ್ ಕೆಲಸ ನಿಂತಿದೆ, ಕೂತು ಬರೀತಿದೀನಿ.

ಮೊದಲು ನಿನ್ನ ಲೆಕ್ಕ ಮುಗಿಸ್ತೀನಿ. ಇಂಗ್ಲೆಂಡಲ್ಲಿ ನಿನ್ನ ಬ್ಯಾಟರಿ ಕಾರಿಗೆ ಇಷ್ಟು ವರ್ಷ ರೋಡ್ ಟ್ಯಾಕ್ಸ್ ಸೊನ್ನೆ ಇತ್ತು, 2025ರ ಏಪ್ರಿಲ್‌ನಿಂದ ವರ್ಷಕ್ಕೆ 195 ಪೌಂಡ್ ಬಿತ್ತು ಅಂತ ಗೋಳಾಡಿದೆ. ನಮ್ಮ ದುಡ್ಡಲ್ಲಿ 20 ಸಾವಿರದ ಮೇಲೆ. ಜಾಸ್ತಿನೇ, ಇಲ್ಲ ಅನ್ನಲ್ಲ. ಆದರೆ ಬೇಕಿದ್ರೆ ತಿಂಗಳ ಕಂತಲ್ಲಿ ಕಟ್ಟಬಹುದು, ಕಾರು ಮಾರಿದರೆ ಉಳಿದ ತಿಂಗಳುಗಳ ದುಡ್ಡು ತಾನಾಗೇ ವಾಪಸ್ ಬರುತ್ತೆ ಅಂತ ನೀನೇ ಹೇಳಿದೆ. ಆ ‘ತಾನಾಗೇ’ ಅನ್ನೋ ಮಾತು ನೆನಪಿಟ್ಕೋ.

ನಮ್ಮ ಕಡೆ ಅದಕ್ಕೆ ಲೈಫ್ ಟ್ಯಾಕ್ಸ್ ಅಂತಾರೆ. ಶೋರೂಮಿಂದ ಕಾರು ಹೊರಗೆ ಬರೋಕೆ ಮುಂಚೆನೇ ಅಷ್ಟೂ ಎಣಿಸಿಡಬೇಕು. ಹೋದ ವರ್ಷ ನನ್ನ ತಮ್ಮ 8 ಲಕ್ಷದ ಕಾರು ತಗೊಂಡ. 14 ಪರ್ಸೆಂಟು ಅಂದರೆ 1,12,000. ಆ ಟ್ಯಾಕ್ಸಿನ ಮೇಲೆ 11 ಪರ್ಸೆಂಟು ಸೆಸ್, 12,320. ಸಾರಿಗೆ ಕಾರ್ಮಿಕರ ನಿಧಿಗೆ ಅಂತ 2025ರಿಂದ ಬಂದಿರೋ 1,000 ಬೇರೆ. ಒಟ್ಟು 1,25,320. ನಮ್ಮವ್ವ ಬಿಲ್ ನೋಡಿ ‘ಇದರಲ್ಲಿ ಎರಡು ಎಮ್ಮೆ ಬರ್ತಿತ್ತಲ್ಲೋ’ ಅಂದ್ಲು. 10 ಲಕ್ಷದ ಗೆರೆ ಇನ್ನೊಂದು ತಮಾಷೆ. ಸರಿಯಾಗಿ 10 ಲಕ್ಷದ ಕಾರಿಗೆ 1,40,000. ಬೆಲೆ ಒಂದು ಸಾವಿರ ಮೇಲೆ ಹೋಯ್ತೋ, ಪೂರ್ತಿ ಬೆಲೆಗೆ 17 ಪರ್ಸೆಂಟು, 1,70,170. ಸಾವಿರಕ್ಕೆ ಮೂವತ್ತು ಸಾವಿರದ ಬಾಲ. 20 ಲಕ್ಷ ದಾಟಿದರೆ 18. ತಮ್ಮನ ಕಾರು ವಾರದಲ್ಲಿ ಐದು ದಿನ ಹೊದಿಕೆ ಹೊದ್ಕೊಂಡು ಬೇವಿನ ಮರದಡಿ ಮಲಗಿರುತ್ತೆ. ದಿನಾ ಇನ್ನೂರು ಕಿಲೋಮೀಟರ್ ರೋಡು ಸವೆಸೋನಿಗೂ ಇವನಿಗೂ ಒಂದೇ ರೇಟು. ಇನ್ನು ‘ಲೈಫ್’ ಅನ್ನೋದೂ ಹೆಸರಿಗಷ್ಟೇ. 15 ವರ್ಷ ಆದಮೇಲೆ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರದ ರಿನ್ಯೂವಲ್ಲಿಗೆ 2022ರ ಏಪ್ರಿಲ್‌ನಿಂದ 5,000. ಕಾರಿಗೆ 20 ದಾಟಿದ್ದರೆ 2025ರ ಆಗಸ್ಟ್‌ನಿಂದ 10,000. ಹಳೇ ಕಾರು ಇಟ್ಕೊಳ್ಳೋನು ಬಡವ ಅಂತ ಯಾರಿಗೂ ಹೊಳೆದಿಲ್ಲ.

ಆದರೂ ಇದು ಇಡೀ ಕರ್ನಾಟಕದ ಗೋಳು, ನಂದೊಬ್ಬನದಲ್ಲ. ನಂದು ಬೇರೆ ಇದೆ.

ನೀನು ದಾವಣಗೆರೆಯವನು. ನಿನಗೆ ಆಂಧ್ರ ಅಂದರೆ ಹೋಟೆಲ್ ಮುಂದಿನ ಬೋರ್ಡು, ಒಳಗೆ ಪಪ್ಪು, ತುಪ್ಪ, ಗೊಂಗುರ. ನನಗೆ ಅದು ಅರ್ಧ ಗಂಟೆ ದಾರಿ. ನಕ್ಷೆ ತೆಗೆದು ನೋಡು, ಚಿತ್ರದುರ್ಗ ಜಿಲ್ಲೆಯ ಈ ಮೂಲೆ ಆಂಧ್ರದೊಳಗೆ ನಾಲಿಗೆ ಚಾಚಿದ ಹಾಗಿದೆ. ನಮಗೆ ಎರಡು ದುರ್ಗ. ಹತ್ತಿರದ್ದು ರಾಯದುರ್ಗ, ಅದು ಬೇರೆ ರಾಜ್ಯ. ದೂರದ್ದು ಚಿತ್ರದುರ್ಗ, ಅದು ನಮ್ಮ ಜಿಲ್ಲಾ ಕೇಂದ್ರ. ಹಲ್ಲು ನೋವಿಗೆ, ಮದುವೆ ಜವಳಿಗೆ, ಮೋಟಾರಿನ ತಾಮ್ರದ ತಂತಿಗೆ ಹತ್ತಿರದ ದುರ್ಗ; ಸೀಲು ಸಹಿಗೆ ಮಾತ್ರ ದೂರದ್ದು. ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದೋರು ಊರು ಹಂಚಿದ್ರು, ಬೀಗರನ್ನ ಹಂಚೋಕೆ ಆಗಲಿಲ್ಲ. ನನ್ನ ಹೆಂಡತಿ ರಾಯದುರ್ಗದ ಕಡೆಯವಳು, ಅಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ನಾನು ಇಲ್ಲಿ ಕನ್ನಡ ಶಾಲೆಗೆ ಹೋದರೂ ಮನೇಲಿ ಅವ್ವನ ಜೊತೆ ತೆಲುಗು. ಆಂಧ್ರದವಳ ಕನ್ನಡ ನನ್ನ ಕನ್ನಡಕ್ಕಿಂತ ಚೊಕ್ಕ. ನಕ್ಕುಬಿಡು, ಪರವಾಗಿಲ್ಲ.

ಕಾರು ನಮ್ಮ ಮಾವಂದು. ವರದಕ್ಷಿಣೆನಾ ಅಂತ ಕೇಳಬೇಡ, ಮದುವೆಯಾಗಿ ಹದಿನಾಲ್ಕು ವರ್ಷ ಆದಮೇಲೆ ಕೈಗೆ ಬಂದಿದ್ದು. 2017ರ ಗಾಡಿ, ಎಪಿ 02, ಅನಂತಪುರದ ನಂಬರು. ಅಲ್ಲಿನ ಲೈಫ್ ಟ್ಯಾಕ್ಸ್ ಮಾವನೇ ಕಟ್ಟಿದ್ದಾರೆ, ಒಂದು ರೂಪಾಯಿ ಬಾಕಿ ಇಲ್ಲ. ಅವರಿಗೆ ಮೊಣಕಾಲು ಹಿಡಿದಮೇಲೆ ಓಡಿಸೋಕೆ ಆಗಲ್ಲ. ಸೋಮವಾರದಿಂದ ಶುಕ್ರವಾರ ನಾನು ಓಡಿಸ್ತೀನಿ. ಬೋರ್‌ವೆಲ್ ಮೋಟಾರು ಸುಟ್ಟರೆ ಗಡಿ ಆಚೆ ಈಚೆ ಎರಡೂ ಕಡೆ ರೈತರು ನನಗೇ ಫೋನ್ ಮಾಡ್ತಾರೆ, ಹೋಗಿ ಡಿಕ್ಕಿಯಲ್ಲಿ ಹಾಕ್ಕೊಂಡು ಬರ್ತೀನಿ. ಶನಿವಾರ ಕಾರು ಅಲ್ಲಿಗೆ ಹೋಗುತ್ತೆ, ಭಾನುವಾರ ಬಾಮೈದ ಮಾವನ್ನ ಆಸ್ಪತ್ರೆಗೋ ಗುಡಿಗೋ ಕರ್ಕೊಂಡು ಹೋಗ್ತಾನೆ. ಅಂದರೆ ಕಾರು ಉಣ್ಣೋದು ಇಲ್ಲಿ, ಮಲಗೋದು ಅಲ್ಲಿ. ಕೆಲವು ವಾರ ಉಲ್ಟಾ.

ಈಗ ತಲೆನೋವಿಗೆ ಬಾ. ರೋಡಲ್ಲಿ ಕೈ ಅಡ್ಡ ಹಾಕಿದವರು ಲೈಸೆನ್ಸ್ ಕೇಳಲ್ಲ, ಇನ್ಶೂರೆನ್ಸ್ ಕೇಳಲ್ಲ. ನಂಬರ್ ಪ್ಲೇಟ್ ನೋಡ್ತಾರೆ, ನನ್ನ ಮುಖ ನೋಡ್ತಾರೆ, ‘ಈ ಕಾರು ಬಂದು ಎಷ್ಟು ದಿನ ಆಯ್ತು?’ ಅಂತಾರೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳೋದು ಇಷ್ಟು: ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರ್ ತಗೋಬೇಕು. ಕರ್ನಾಟಕ 2014ರಲ್ಲಿ ತೆರಿಗೆ ಕಾಯ್ದೆ ತಿದ್ದಿ 30 ದಿನಕ್ಕೇ ಲೈಫ್ ಟ್ಯಾಕ್ಸ್ ಕೇಳೋಕೆ ಶುರು ಮಾಡಿತ್ತು. 2016ರಲ್ಲಿ ಹೈಕೋರ್ಟು ಅದನ್ನ ಹೊಡೆದುಹಾಕ್ತು. ಕೋರ್ಟು ಹೊಡೆದುಹಾಕಿದ್ದು ನಮ್ಮ ರೋಡಿಗೆ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ. ‘ತಿಂಗಳಾದರೆ ಕಟ್ಟಬೇಕು ಕಣ್ರಿ’ ಅನ್ನೋರು ಈಗಲೂ ಸಿಗ್ತಾರೆ.

ಸರಿ, 12 ತಿಂಗಳೇ ಅನ್ನು. ನೀನು ಇಂಜಿನಿಯರು, ನೀನೇ ಹೇಳು: ವಾರಕ್ಕೆ ಎರಡು ಸಲ ಗಡಿ ದಾಟೋ ಕಾರಿಗೆ 12 ತಿಂಗಳು ಯಾವತ್ತಿಂದ ಎಣಿಸೋದು? ಬೆಂಗಳೂರಿಗೆ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತೋರಿಗೆ ಅಂತ ಬರೆದ ಕಾನೂನು ಇದು. ಬಂದ ದಿನ ಒಂದು ಇರುತ್ತೆ ಅಂತ ಅದರ ನಂಬಿಕೆ. ನನ್ನ ಕಾರಿಗೆ ಬಂದ ದಿನಗಳೇ ನೂರು.

‘ಪ್ರೂಫ್ ತೋರಿಸ್ರಿ’ ಅಂತಾರೆ. ನಾವು ಓಡಾಡೋದು ಶೇಂಗಾ ಹೊಲಗಳ ನಡುವಿನ ಹಳ್ಳಿ ರೋಡು, ಟೋಲ್ ಇಲ್ಲ, ಫಾಸ್ಟ್ಯಾಗ್ ಕುಂಯ್ ಅನ್ನಲ್ಲ. ಉಳಿದಿದ್ದು ಪೆಟ್ರೋಲ್ ಬಂಕಿನ ಚೀಟಿ. ಒಂದು ವರ್ಷ ಶ್ರದ್ಧೆಯಿಂದ ಕೂಡಿಟ್ಟೆ. ಒಂದಿನ ಕಟ್ಟು ಬಿಚ್ಚಿ ಸಾಹೇಬರ ಮುಂದೆ ಇಟ್ಟೆ. ಅವರು ಒಂದೊಂದಾಗಿ ತಿರುವಿ ಹಾಕಿ, ಕನ್ನಡಕ ಮೇಲೆತ್ತಿ, ‘ಎಲ್ಲಾ ಕರ್ನಾಟಕದ ಬಂಕೇ ಅಲ್ರೀ’ ಅಂದ್ರು. ಇರದೇ ಇನ್ನೇನು! ನಮ್ಮ ಕಡೆ 2024ರ ಜೂನ್‌ನಲ್ಲಿ ಪೆಟ್ರೋಲಿಗೆ ಮೂರು ರೂಪಾಯಿ ಏರಿಸಿದಮೇಲೂ ಆಂಧ್ರಕ್ಕಿಂತ ಇಲ್ಲೇ ಅಗ್ಗ. ಅಲ್ಲಿನ ಲಾರಿ, ಆಟೋ, ಬೈಕು ಎಲ್ಲಾ ನಮ್ಮ ಬಂಕಿಗೇ ಬರೋದು. ಆಂಧ್ರದಲ್ಲಿ ವಾಸವಿರೋರೇ ಅಲ್ಲಿ ಹಾಕಿಸಲ್ಲ, ನಾನು ಹಾಕಿಸ್ತೀನಾ? ನಾನು ಕಷ್ಟಪಟ್ಟು ಕೂಡಿಟ್ಟಿದ್ದು ನನ್ನ ಮೇಲೇ ಸಾಕ್ಷಿ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿ ಹತ್ತಿರ ಅಶೋಕನ ಶಾಸನ ಇದೆ, ಕಾಲೇಜಲ್ಲಿ ಟೂರ್ ಬಂದಾಗ ಬಿಸಿಲು ಅಂತ ಬಸ್ಸಿಂದ ಇಳಿಯಲಿಲ್ಲ ನೀನು. ಅಪ್ಪ ಅಮ್ಮನ ಮಾತು ಕೇಳು, ಜೀವಿಗಳಿಗೆ ದಯೆ ತೋರು, ಸತ್ಯ ಹೇಳು ಅಂತ ಎರಡು ಸಾವಿರ ವರ್ಷದ ಹಿಂದೆನೇ ಬಂಡೆ ಮೇಲೆ ಕೊರೆಸಿಟ್ಟಿದ್ದಾನೆ. ನಾನು ಸತ್ಯನೇ ಹೇಳ್ತೀನಿ. ಚೀಟಿ ತಗೊಂಬಾ ಅಂತ ಅಶೋಕ ಬರೆಸಿರಲಿಲ್ಲ.

‘ಚಿತ್ರದುರ್ಗದ ಕೆಎ 16 ನಂಬರ್ ಮಾಡಿಸಿಬಿಡೋ ಮಾರಾಯ’ ಅಂತೀಯ. ಹೇಳೋದು ಸುಲಭ. ಮೊದಲು ಅಲ್ಲಿಂದ 28ನೇ ನಮೂನೆಯ ಎನ್‌ಒಸಿ, ಅಂದರೆ ‘ನಮ್ಮ ಅಭ್ಯಂತರ ಇಲ್ಲ’ ಅನ್ನೋ ಪತ್ರ. ಅದಕ್ಕೆ ಮಾವ ಸಹಿ ಹಾಕಬೇಕು, ಹಳೇ ಚಲನ್ ಯಾವುದೂ ಬಾಕಿ ಇರಬಾರದು. ಆಮೇಲೆ ಇಲ್ಲಿ ಹೊಸ ನಂಬರಿಗೆ 27ನೇ ನಮೂನೆಯ ಅರ್ಜಿ, ಗಾಡಿಯ ವಯಸ್ಸಿಗೆ ಒಂದಿಷ್ಟು ಕಡಿತ ಮಾಡಿ ಮತ್ತೆ ಲೈಫ್ ಟ್ಯಾಕ್ಸ್. ಈಗ ಮಾರಿದರೆ ಎರಡೂವರೆ ಲಕ್ಷ ಬರೋದೂ ಅನುಮಾನ ಇರೋ ಕಾರಿಗೆ! ಇಲ್ಲಿ ಕಟ್ಟಿದ ರಸೀದಿ, ಹೊಸ ಆರ್‌ಸಿ ಹಿಡ್ಕೊಂಡು ಮತ್ತೆ ಅಲ್ಲಿಗೆ ಹೋಗಿ, ಮಾವ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೊಡಿ ಅಂತ ಅರ್ಜಿ ಹಾಕಬೇಕು. ನಿನ್ನ ‘ತಾನಾಗೇ’ ನೆನಪಾಯ್ತಾ? ನಮ್ಮೂರಲ್ಲಿ ಹಾಗೆ ಅರ್ಜಿ ಹಾಕಿದ ಮೇಷ್ಟ್ರೊಬ್ಬರಿದ್ದಾರೆ. ಅವರು ರಿಟೈರ್ ಆದರು, ಕಾರನ್ನೂ ಮಾರಿದರು, ಅರ್ಜಿ ಮಾತ್ರ ಇನ್ನೂ ಸರ್ವೀಸಲ್ಲಿದೆ.

ಬಿಎಚ್ ನಂಬರ್ ಅಂತ ಇನ್ನೊಂದು ಹೇಳ್ತಿದ್ದೆ. 2021ರಲ್ಲಿ ಬಂದಿದ್ದು, ಎರಡೆರಡು ವರ್ಷಕ್ಕೆ ಕಟ್ಟಿಕೊಂಡು ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು. ಒಳ್ಳೇದೇ. ಆದರೆ ಅದು ಸರ್ಕಾರಿ ನೌಕರರಿಗೆ, ನಾಲ್ಕು ರಾಜ್ಯದಲ್ಲಿ ಆಫೀಸಿರೋ ಕಂಪನಿಯವರಿಗೆ. ನನ್ನ ರಿವೈಂಡಿಂಗ್ ಅಂಗಡಿಗೆ ಒಂದೇ ಶಟರ್.

ಇಷ್ಟೆಲ್ಲಾ ಆಗಿ ನಂಬರ್ ಬದಲಾಯಿಸಿದೆ ಅಂತಿಟ್ಕೋ. ಆಮೇಲೆ ಭಾನುವಾರ ಬಾಮೈದ ಕೆಎ ನಂಬರಲ್ಲಿ ರಾಯದುರ್ಗದಲ್ಲಿ ಓಡಾಡ್ತಾನೆ, ಅವನನ್ನ ನಿಲ್ಲಿಸಿ ತೆಲುಗಲ್ಲಿ ಅದೇ ಪ್ರಶ್ನೆ ಕೇಳ್ತಾರೆ. ಯಾವ ಪ್ಲೇಟ್ ಹಾಕಿದರೂ ಮನೆಯಲ್ಲಿ ಒಬ್ಬನಾದರೂ ಪರದೇಸಿ.

ನೀನು ‘ಟ್ಯಾಕ್ಸ್ ಉಳಿಸೋಕಾ’ ಅಂದೆಯಲ್ಲ, ಅದು ಒಂದು ಕ್ಷಣ ಚುಚ್ಚಿತು ಕಣೋ. ಕೋಟಿ ಬೆಲೆಯ ಕಾರಿಗೆ ಟ್ಯಾಕ್ಸ್ ಕಮ್ಮಿ ಇರೋ ಕಡೆ ನಂಬರ್ ಮಾಡಿಸ್ಕೊಂಡು ಬೆಂಗಳೂರಲ್ಲಿ ಓಡಿಸೋರು ಇದ್ದಾರೆ, ಹಿಡೀಲಿ, ನಾನು ಚಪ್ಪಾಳೆ ತಟ್ತೀನಿ. ಆದರೆ ಅವರಿಗೆ ಬೀಸಿದ ಬಲೆಗೆ ಬೀಳೋದು ಮಾವನ ಹಳೇ ಕಾರಲ್ಲಿ ಮೋಟಾರು ಹೊತ್ಕೊಂಡು ಬರೋನು. ನವೆಂಬರ್ ಒಂದಕ್ಕೆ ಅಂಗಡಿ ಮುಂದೆ ಬಾವುಟ ಕಟ್ಟೋನೂ ನಾನೇ, ಮಾರನೇ ದಿನ ‘ಎಲ್ಲಿಂದ ಬಂದ್ರಿ’ ಅಂತ ಕೇಳಿಸ್ಕೊಳ್ಳೋನೂ ನಾನೇ. ದಾವಣಗೆರೆಯಲ್ಲಿ ನಿನ್ನನ್ನ ಯಾರಾದರೂ ಹಾಗೆ ಕೇಳಿದ್ರಾ, ಈ ಜನ್ಮದಲ್ಲಿ?

ಕರೆಂಟ್ ಬಂತು. ಉಳಿದಿದ್ದು ನೀನು ಊರಿಗೆ ಬಂದಾಗ. ನಾಳೆ ರಾಯದುರ್ಗದ ಕಡೆ ಎರಡು ಮೋಟಾರು ತರೋದಿದೆ. ಹೋದಾಗ ಅಲ್ಲಿನ ಬಂಕಲ್ಲಿ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಬೇಕು, ದುಬಾರಿಯಾದರೂ ಚೀಟಿಗೋಸ್ಕರ. ಹೋದ ತಿಂಗಳು ತಂದಿದ್ದವು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿದ್ದು ಅಕ್ಷರ ಎಲ್ಲಾ ಹಾರಿಹೋಗಿ ಬಿಳೀ ಹಾಳೆ ಆಗಿವೆ.